ಕಾಲುವೆ ನೀರಿನ ಗಾಳಿ

ಕರೆಂಟು ಹೋದರೆ ಬೇರೆಯವರ ಮನೆಗಳಲ್ಲಿ ಬೈಗುಳ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪನ ಉಸಿರು ಕೇಳುತ್ತಿತ್ತು. ಫ್ಯಾನಿನ ರೆಕ್ಕೆ ಪೂರ್ತಿ ನಿಲ್ಲುವ ಮೊದಲೇ ಅವನು ಮಂಚದ ಮೇಲೆ ಎದ್ದು ಕೂತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು, ಮುಖವನ್ನು ಕಿಟಕಿಯ ಕಡೆ ಹಿಡಿಯುತ್ತಿದ್ದ. ಎದೆಯೊಳಗಿಂದ ಸಣ್ಣ ಸಿಳ್ಳೆ ಏಳುತ್ತಿತ್ತು. ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಹೋಗಿ ಹೊರಕ್ಕೆ ಬರುವುದನ್ನು ನೋಡುತ್ತಾ ನಾನು ಬೀಸಣಿಗೆ ಹುಡುಕುತ್ತಿದ್ದೆ. ಹಾಳಾದ್ದು, ಬೇಕಾದಾಗ ಕೈಗೆ ಸಿಗುತ್ತಿರಲಿಲ್ಲ.

ದಾವಣಗೆರೆ ಜಿಲ್ಲೆಯಾಗಿ ಆಗಿನ್ನೂ ಹೊಸತು. ಆಫೀಸುಗಳ ಬೋರ್ಡಿಗೆ ಹೊಸ ಬಣ್ಣ ಬಂದಿತ್ತು, ತಂತಿಗೆ ಕರೆಂಟು ಮಾತ್ರ ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಪೂರ್ತಿ, ಸಂಜೆ ಕರೆಂಟಿನವರಿಗೆ ಮನಸ್ಸು ಬಂದಷ್ಟು ಹೊತ್ತು ತೆಗೆಯುತ್ತಿದ್ದರು. ನಮ್ಮ ಮನೆ ಶಾಮನೂರಿನ ಅಂಚಿನಲ್ಲಿತ್ತು. ಹಿತ್ತಲು ದಾಟಿದರೆ ಭದ್ರಾ ಚಾನಲ್ಲಿನಿಂದ ಗದ್ದೆಗಳಿಗೆ ಹೋಗುವ ಮರಿಗಾಲುವೆ. ಮನೆಯಲ್ಲಿ ಅಪ್ಪ, ಅಣ್ಣ, ನಾನು, ಅಷ್ಟೇ ಜನ. ಅವ್ವ ಹೋಗಿ ಬಹಳ ವರ್ಷವಾಗಿತ್ತು. ನಾನು ಗಂಡನ ಮನೆಯಿಂದ ವಾಪಸು ಬಂದವಳು. ಅದು ಬೇರೆ ಕಥೆ, ಅದನ್ನು ಹೇಳಿ ಇಲ್ಲಿ ಯಾರ ಬಾಯಿಗೂ ಬೀಳುವ ಆಸೆ ನನಗಿಲ್ಲ. ರವಿಕೆ ಹೊಲಿಯುತ್ತಿದ್ದೆ. ನನ್ನ ಮೆಷಿನ್ನು ಕಾಲಿನಲ್ಲಿ ತುಳಿಯುವಂಥದ್ದು, ಅದಕ್ಕೆ ಕರೆಂಟಿನ ಹಂಗಿರಲಿಲ್ಲ.

ಅಪ್ಪ ಹತ್ತಿ ಮಿಲ್ಲಿನವನು. ಮೀಸೆ ಚಿಗುರುವಾಗ ಒಳಗೆ ಹೋದವನು ಮಿಲ್ಲು ಬಾಗಿಲು ಹಾಕುವವರೆಗೂ ಹತ್ತಿ ಹಿಂಜುವ ಕಡೆಯೇ ಇದ್ದ. ನಾವು ಚಿಕ್ಕವರಿದ್ದಾಗ ಪಾಳಿ ಮುಗಿಸಿ ಬರುವ ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ. ನಮಗೋ ನಗು. ಅವ್ವ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಟವೆಲ್ಲಿನಿಂದ ಪಟಪಟ ಜಾಡಿಸುತ್ತಿದ್ದಳು. ಹೊರಗಿನದನ್ನು ಅವ್ವ ಜಾಡಿಸಿದಳು, ಒಳಗೆ ಹೋಗಿ ಕೂತದ್ದನ್ನು ಯಾರು ಜಾಡಿಸಬೇಕಿತ್ತು? ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿ, "ಹೋಗಿದ್ದು ವಾಪಸ್ ಬರಲ್ಲಮ್ಮ, ಇರೋದನ್ನ ಕಾಪಾಡ್ಕೊಬೇಕು" ಅಂದರು. ಮಾತ್ರೆ ಕೊಟ್ಟರು, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. ಮುಖಕ್ಕೆ ಗಾಳಿ ಬಡಿಯುತ್ತಿದ್ದರೆ ದಮ್ಮು ಕಡಿಮೆ ಅನ್ನಿಸುತ್ತದೆ ಎಂಬುದನ್ನು ಮಾತ್ರ ಅಪ್ಪ ತಾನೇ ಕಂಡುಕೊಂಡಿದ್ದ. ಫ್ಯಾನು ತಿರುಗುತ್ತಿದ್ದರೆ ಒರಗಿಕೊಂಡು ನಿದ್ದೆ ಮಾಡುತ್ತಿದ್ದ. ನಿಂತರೆ ಕೂತೇ ಇರುತ್ತಿದ್ದ.

ಅಣ್ಣ ಹರಿಹರದ ಒಂದು ಸಣ್ಣ ಲೇತ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ಮಾತು ಕಡಿಮೆ. ಅವನದೊಂದು ಗುಣವಿತ್ತು, ಅದನ್ನು ಗುಣ ಅನ್ನಬೇಕೋ ರೋಗ ಅನ್ನಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, "ಹುಡುಗಿಗೆ ಸಿಟ್ಟು ಜಾಸ್ತಿ ಅಂತಾರಲ್ಲ, ಖರೇನಾ?" ಎಂದು ಯಾರೋ ನಗುತ್ತಾ ಕೇಳಿದರೆ, ಈ ಪುಣ್ಯಾತ್ಮ ಅವಲಕ್ಕಿ ತಟ್ಟೆ ಹಿಡಿದುಕೊಂಡೇ "ಹೌದ್ರಿ, ಜಾಸ್ತಿನೇ" ಅಂದಿದ್ದ. ಅವ್ವ ಅಡುಗೆಮನೆಯಲ್ಲಿ ಹಣೆ ಬಡಿದುಕೊಂಡಿದ್ದಳು.

ಅಪ್ಪನ ಅವಸ್ಥೆ ನೋಡಲಾರದೆ ಅಣ್ಣ ಮೊದಲು ಒಂದು ಹಳೆಯ ಲಾರಿ ಬ್ಯಾಟರಿ ತಂದ. ಜೊತೆಗೆ ಡ್ರೈವರುಗಳು ಕ್ಯಾಬಿನ್ನಿನಲ್ಲಿ ಸಿಕ್ಕಿಸಿಕೊಳ್ಳುವ ಪುಟ್ಟ ಫ್ಯಾನು. ಬ್ಯಾಟರಿಗೆ ವಯಸ್ಸಾಗಿತ್ತು, ಎಷ್ಟು ಚಾರ್ಜು ಮಾಡಿದರೂ ಚಹಾ ಕುದಿಯುವಷ್ಟರಲ್ಲಿ ಫ್ಯಾನು ಕುಂಟತೊಡಗುತ್ತಿತ್ತು. ಹೊಸದು ತರುವ ಶಕ್ತಿ ನಮಗಿರಲಿಲ್ಲ. "ಹಂಗಾದ್ರೆ ಕರೆಂಟು ನಾವೇ ಹುಟ್ಟಿಸ್ಬೇಕು" ಅಂದ ಅಣ್ಣ.

"ಹುಟ್ಟಿಸಪ್ಪ, ತೊಟ್ಟಿಲು ನಾನು ತೂಗ್ತೀನಿ" ಅಂದೆ. ಅವನು ನಗಲಿಲ್ಲ.

ಹರಿಹರದ ಗುಜರಿ ಅಂಗಡಿಯಿಂದ ಹಳೆ ಲಾರಿಯ ಡೈನಮೋ ಬಂತು. ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ರೆಕ್ಕೆ ಮಾಡಿ, ಮಾಳಿಗೆಯ ಮೇಲೆ ಕಂಬ ನಿಲ್ಲಿಸಿ, ಅದರ ತಲೆಗೆ ಡೈನಮೋ ಕೂರಿಸಿದ. ನಮ್ಮ ಕಡೆ ಗಾಳಿ ಅಂದರೆ ಆಷಾಢದ ಗಾಳಿ. ಆಗ ಬೀಸಿದರೆ ಹಂಚು ಹಾರುತ್ತದೆ, ಒಣಹಾಕಿದ ಬಟ್ಟೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಶಿವರಾತ್ರಿ ಕಳೆದ ಮೇಲೆ ಬೇವಿನ ಎಲೆಯೂ ಅಲ್ಲಾಡುವುದಿಲ್ಲ. ಗಾಳಿ ಇಲ್ಲವೆಂದೇ ನಮಗೆ ಫ್ಯಾನು ಬೇಕು, ಫ್ಯಾನು ತಿರುಗಬೇಕಾದರೆ ಮಾಳಿಗೆ ಮೇಲೆ ಗಾಳಿ ಬೇಕು. ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕತ್ತೆತ್ತಿ ನೋಡಿ, ದಮ್ಮಿನ ನಡುವೆಯೇ ನಕ್ಕ. "ಅದಕ್ಕೂ ನನ್ನಂಗೇ ಉಸ್ರು ಸಾಲ್ತಿಲ್ಲ ನೋಡು" ಅಂದ. ಓಣಿಯವರಿಗೆ ಬೇರೆ ಕೆಲಸ ಏನಿತ್ತು, ಈ ಹುಡುಗನಿಗೆ ಗಾಳಿ ಮೆಟ್ಟಿಕೊಂಡಿದೆ ಎಂದು ಆಡಿಕೊಂಡರು.

ಒಂದು ಭಾನುವಾರ ಅಣ್ಣ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದ. ಸೈಕಲ್ ರಿಮ್ಮಿನ ಸುತ್ತ ತಗಡಿನ ಸೌಟುಗಳಂಥವನ್ನು ಬೆಸೆದು ಒಂದು ಚಕ್ರ ಮಾಡಿದ್ದ. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಹರಿಯುತ್ತಿದೆಯೋ ನಿಂತಿದೆಯೋ ಹೇಳುವುದೇ ಕಷ್ಟ. ಅವನು ಮೊಣಕಾಲುದ್ದ ನೀರಿಗಿಳಿದು ಚಕ್ರ ಹಿಡಿದ. ಅದು ಒಂದು ಸುತ್ತು ತಿರುಗಿತು, ಏನೋ ಯೋಚನೆ ಬಂದವರ ಹಾಗೆ ನಿಂತುಬಿಟ್ಟಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು "ಏನ್ರಿ ಅದು, ಮೀನು ಹಿಡಿಯೋದಾ?" ಎಂದು ಕೇಳಿದಳು. "ಅಲ್ರಿ, ಗಾಳಿ ಹಿಡಿಯೋದು" ಅಂದೆ, ಬಿಸಿಲಿಗೆ ತಲೆ ಕೆಟ್ಟಿತ್ತು. ಅಣ್ಣನ ಮುಖ ಮಾತ್ರ ಬಾಡಿರಲಿಲ್ಲ.

"ಒಂದು ಸುತ್ತಾದ್ರೂ ತಿರುಗ್ತಲ್ಲ. ನೀರಿಗೆ ಅವಸರ ಇಲ್ಲ ಅಷ್ಟೇ, ಬಲ ಐತೆ. ಜಾಗ ಇಕ್ಕಟ್ಟು ಮಾಡಿದ್ರೆ ಓಡ್ತೈತೆ" ಅಂದ.

ಹೊಳೆಯನ್ನು ಇಕ್ಕಟ್ಟು ಮಾಡಲು ನಮ್ಮಪ್ಪನ ಮನೆಯದೇ ಅದು? ಆದರೆ ಹಿತ್ತಲ ಮರಿಗಾಲುವೆ ಇತ್ತು. ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದರು. ಗದ್ದೆಗಳಿಗೆ ನೀರು ಹಂಚುವ ಸೌಡಿಯನ್ನು ಅಣ್ಣ ಹೋಗಿ ಕೇಳಿದ. ಅವನು ಬಂದು, ಅಪ್ಪನ ಉಸಿರಾಟ ನೋಡಿ, "ನೀರು ನಿಲ್ಲಬಾರದು, ಅಷ್ಟು ನೋಡ್ಕೋಳ್ರಿ" ಎಂದು ಹೇಳಿ ಹೋದ. ಅಣ್ಣ ಎರಡೂ ಬದಿಗೆ ಹಲಗೆ ಕೂರಿಸಿ ನಡುವೆ ಕಿರಿದಾದ ದಾರಿ ಬಿಟ್ಟ. ಅಲ್ಲಿ ಮರದ ಹಲಗೆಗಳ ಆಳೆತ್ತರದ ಚಕ್ರ ನಿಂತಿತು. ಚಕ್ರದಿಂದ ಹಿಟ್ಟಿನ ಗಿರಣಿಯ ಹಳೆ ಬೆಲ್ಟು, ಬೆಲ್ಟಿನಿಂದ ಸಣ್ಣ ಗಾಲಿ, ಅಲ್ಲಿಂದ ಇನ್ನೂ ಸಣ್ಣದು, ಕೊನೆಗೆ ಡೈನಮೋ.

ಬೆಲ್ಟು ಗಾಲಿ ಅಂದರೆ ಅಪ್ಪನಿಗೆ ಮಿಲ್ಲು ಮತ್ತೆ ತೆರೆದ ಹಾಗೆ. ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. "ಬೆಲ್ಟು ಸಡ್ಲ ಐತೆ, ಜಾರ್ತೈತೆ ನೋಡು" ಅನ್ನುತ್ತಿದ್ದ. ಇಷ್ಟು ಗಾಲಿ ಯಾಕೆ ಎಂದು ಕೇಳಿದ. ಅಣ್ಣ ಗ್ರೀಸಿನ ಕೈಯಲ್ಲೇ ವಿವರಿಸಿದ. "ಚಕ್ರ ನಿಧಾನ ಅಪ್ಪಾ, ಡೈನಮೋಗೆ ಜೋರು ಬೇಕು. ಬೆಲ್ಟು ಹಾಕಿ ಜೋರು ಮಾಡ್ಕೊಂತೀವಿ. ಜೋರು ಸಿಕ್ಕಷ್ಟು ಬಲ ಕಮ್ಮಿ ಆಗ್ತೈತೆ. ಒಂದು ಕಡೆ ತಗೊಂಡ್ರೆ ಇನ್ನೊಂದು ಕಡೆ ಕಮ್ಮಿ ಆಗ್ಲೇಬೇಕು, ಪುಕ್ಸಟ್ಟೆ ಏನೂ ಬರಲ್ಲ." ಅಪ್ಪ ತಲೆಯಾಡಿಸಿದ. ಆ ಮಾತು ಅವನೊಳಗೆ ಹೋಗಿ ಕೂತಿತೆಂದು ನಮಗೆ ಆಗ ಗೊತ್ತಾಗಲಿಲ್ಲ.

ಎಲ್ಲ ಜೋಡಿಸಿ ಮುಗಿಸಿದ ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ದೊಡ್ಡ ಫ್ಯಾನು ನಿಂತಿತು. ಅಪ್ಪ ಅಭ್ಯಾಸದಂತೆ ಎದ್ದು ಕೂತ. ಅಣ್ಣ ಕಿಟಕಿಯಿಂದ ಒಳಗೆ ಎಳೆದಿದ್ದ ತಂತಿಯನ್ನು ಜೋಡಿಸಿದ. ಮಂಚದ ಕಂಬಿಗೆ ಕಟ್ಟಿದ್ದ ಲಾರಿ ಫ್ಯಾನು ಮೊದಲು ನಡುಗಿತು, ಆಮೇಲೆ ಗುಂಯ್ ಎಂದು ತಿರುಗಿತು. ಅಪ್ಪನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಹಾರಿತು. ಅವನು ಕಣ್ಣು ಮುಚ್ಚಿ ಗಾಳಿಯನ್ನು ಕುಡಿದ, ನಿಜವಾಗಿಯೂ ಕುಡಿದ, ನಾನು ನೋಡಿದ್ದೇನೆ. ಸ್ವಲ್ಪ ಹೊತ್ತಿಗೆ ಸಿಳ್ಳೆ ಸಣ್ಣದಾಯಿತು. ಒರಗಿಕೊಂಡ. ಓಣಿಯೆಲ್ಲ ಬೆವೆತು ಬೈದುಕೊಳ್ಳುತ್ತಿರುವಾಗ ನಮ್ಮಪ್ಪ ಗೊರಕೆ ಹೊಡೆದ. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ ಕೆಲವು ದಿನ ನಮ್ಮ ಮನೆ ಮನೆಯ ಹಾಗಿತ್ತು. ಹಿತ್ತಲಲ್ಲಿ ಗೊಡಕ್ ಗೊಡಕ್ ಎಂದು ಚಕ್ರದ ಸದ್ದು, ಮಂಚದ ಬಳಿ ಫ್ಯಾನಿನ ಗುಂಯ್. ಅಪ್ಪನ ಮುಖಕ್ಕೆ ಬಣ್ಣ ಬಂತು. ಒಂದು ಸಂಜೆ, "ಮಂಡಕ್ಕಿ ಮಿರ್ಚಿ ತಿನ್ಬೇಕು ಅನ್ನಿಸ್ತೈತಲ್ಲವ್ವ" ಅಂದ. ಎಷ್ಟು ಕಾಲವಾಗಿತ್ತು ಅವನು ಏನನ್ನಾದರೂ ಬೇಕು ಅಂದು! ಅಣ್ಣ ಸೈಕಲ್ಲು ತುಳಿದುಕೊಂಡು ಪೇಟೆಗೆ ಹೋಗಿ ತಂದ. ಅಪ್ಪ ಮಿರ್ಚಿಯ ತುದಿ ಕಚ್ಚಿ, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ, "ಚಾನಲ್ ನೀರು ಕುಡೀಬಹುದು ಅಂತ ಗೊತ್ತಿತ್ತು, ಉಸ್ರಾಡ್ಬಹುದು ಅಂತ ಗೊತ್ತಿರ್ಲಿಲ್ಲ" ಅಂದ.

ಹಾಗಿರುವಾಗ ಮಾವ ಬಂದ. ಸಂಬಂಧದಲ್ಲಿ ಮಾವನಲ್ಲ, ಅಪ್ಪನ ಬಾಲ್ಯದ ಗೆಳೆಯ, ಕರೆಯುವುದು ಹಾಗೆ. ನಮ್ಮ ಹಿತ್ತಲು ದಾಟಿದ ನೀರು ಮೊದಲು ಹೋಗುವುದೇ ಅವನ ಗದ್ದೆಗೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನು ಬೈದುಕೊಂಡು ಇಷ್ಟು ವರ್ಷ ಹಗುರಾಗಿ ಇರುತ್ತಿದ್ದೆ. ಟವೆಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು, ಮಂಚದ ಪಕ್ಕ ಕೂತು, ಚಹಾ ಮುಗಿಯುವವರೆಗೂ ಬೇರೆ ಏನೇನೋ ಮಾತಾಡಿದ. ಆಮೇಲೆ ಹೇಳಿದ.

"ಮಗ ಮಾಡಿದ್ದು ಭಾರಿ ಚಲೋ ಐತೆ, ಇಲ್ಲ ಅನ್ನಲ್ಲ. ಆದ್ರ ಒಂದು ಮಾತು, ತಪ್ಪು ತಿಳೀಬ್ಯಾಡ. ಕರೆಂಟು ತೆಗೆದ ನೀರು ಗದ್ದೆಗೆ ಬಂದ್ರೆ ಕಾಳು ಜೊಳ್ಳಾಗ್ತಾವಂತೆ. ನೀರಿನ ಸತ್ವ ಎಲ್ಲಾ ತಂತೀಗೆ ಹೋಗಿಬಿಡ್ತೈತಂತೆ. ಭತ್ತ ಈಗ ಹೊಡೆ ಕಟ್ಟೈತೆ, ಇನ್ನು ಕಾಳು ತುಂಬೋ ಹೊತ್ತು. ಅದಕ್ಕೇ ಜೀವ ಹೆದ್ರಿಕೊಂತೈತೆ."

ನನಗೆ ತಡೆಯಲಾಗಲಿಲ್ಲ. "ಏನ್ ಮಾವ ನೀನು! ಭದ್ರಾ ಡ್ಯಾಮಿನಾಗೇ ಕರೆಂಟು ತೆಗೀತಾರೆ. ಇಷ್ಟು ವರ್ಷ ನಿನ್ನ ಗದ್ದೆಗೆ ಬಂದಿದ್ದು ಅದೇ ನೀರಲ್ವಾ?"

ಮಾವ ನನ್ನನ್ನೇ ನೋಡಿದ. "ಹೌದೇನವ್ವ?" ಅಂದ. ಆಮೇಲೆ ನಿಧಾನವಾಗಿ, "ಅದಕ್ಕೇ ಇರ್ಬೇಕು ಬೆಳೆ ಮೊದ್ಲಿನಂಗೆ ಬರಲ್ಲ. ಅಲ್ಲಿ ಒಮ್ಮೆ ತೆಗೆದಿದ್ದನ್ನ ಇಲ್ಲಿ ಮತ್ತೆ ತೆಗೆದ್ರೆ, ಉಳಿಯೋದೇನು?" ಅಂದ. ಅಯ್ಯೋ ಶಿವನೇ, ನನ್ನ ಬಾಯಿಂದ ನಾನೇ ಅವನಿಗೆ ಇನ್ನೊಂದು ಮಾತು ಕೊಟ್ಟಿದ್ದೆ. ಚಕ್ರ ತೆಗೆಯಿರಿ ಎಂದು ಅವನು ಅನ್ನಲಿಲ್ಲ. "ನೋಡ್ರಿ, ನಿಮಗೆ ಹೆಂಗೆ ಸರಿ ಅನ್ನಿಸ್ತೈತೋ ಹಂಗೆ" ಎಂದು ಅಪ್ಪನ ಕಾಲು ಮುಟ್ಟಿ ತಟ್ಟಿ ಎದ್ದುಹೋದ. ಅಪ್ಪ ಅವತ್ತು ರೊಟ್ಟಿ ಅರ್ಧಕ್ಕೇ ಬಿಟ್ಟ.

ಸಂಜೆ ಅಣ್ಣ ಬರುತ್ತಲೇ ಅಪ್ಪ ಅವನನ್ನು ಎದುರಿಗೆ ಕೂರಿಸಿಕೊಂಡ. "ಒಂದೇ ಕೇಳ್ತೀನಿ. ಆ ಚಕ್ರ ನೀರಿಂದ ಏನಾರ ತಗೊಂತೈತೋ, ಇಲ್ವೋ?"

ನಾನು ಅಪ್ಪನ ಬೆನ್ನ ಹಿಂದೆ ನಿಂತು ಅಣ್ಣನಿಗೆ ಕಣ್ಣು ಮಾಡಿದೆ, ತಲೆ ಅಲ್ಲಾಡಿಸಿದೆ, ಕೈ ಮುಗಿದೆ. ಅವನು ನನ್ನನ್ನು ನೋಡಿದ. ಅಪ್ಪನನ್ನು ನೋಡಿದ.

"ಸ್ವಲ್ಪ ತಗೊಂತೈತೆ ಅಪ್ಪಾ" ಅಂದ. "ನೀರಿನ ಓಟ, ಅಷ್ಟೇ. ಚಕ್ರ ದಾಟಿದ ಮೇಲೆ ಸ್ವಲ್ಪ ಮೆತ್ತಗೆ ಹೋಗ್ತೈತೆ. ಅದು ಸತ್ವ ಅಲ್ಲ. ಭತ್ತಕ್ಕೆ ಏನೂ ಆಗಲ್ಲ."

"ಸ್ವಲ್ಪ" ಅಂದ ಅಪ್ಪ. ಉಸಿರು ಎಳೆದುಕೊಂಡು ಮುಂದುವರಿಸಿದ. "ಹತ್ತಿ ಮೆಷಿನ್ನೂ ನನ್ನಿಂದ ದಿನಾ ಸ್ವಲ್ಪನೇ ತಗೊಂಡಿದ್ದು. ಪಾಳಿ ಮುಗಿಸಿ ಹೊರಗೆ ಬಂದಾಗ ಸ್ವಲ್ಪ ಮೆತ್ತಗೆ ನಡೀತಿದ್ದೆ, ಅಷ್ಟೇ. ಏನೂ ಆಗಲ್ಲ ಅಂತ ಎಲ್ರೂ ಅಂದ್ರು. ನಾನೂ ಅಂದೆ. ಈಗ ನೋಡು."

"ಅದು ಬೇರೆ, ಇದು ಬೇರೆ ಅಪ್ಪಾ."

"ತಗೊಂಡ್ರೆ ಕಮ್ಮಿ ಆಗ್ಲೇಬೇಕು ಅಂತ ನೀನೇ ಹೇಳಿದ್ಯಲ್ಲ. ಅವ್ನ ಅನ್ನ ಜೊಳ್ಳು ಮಾಡಿ ನಾನು ಉಸ್ರಾಡ್ಲಾ? ತೆಗಿ ಅದನ್ನ."

ಅಣ್ಣ ಗಂಟಲು ಒಣಗುವವರೆಗೂ ಹೇಳಿದ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೀಚಿ ತೋರಿಸಿದ. ಅಪ್ಪ ಗೋಡೆ ಕಡೆ ಮುಖ ತಿರುಗಿಸಿ ಕೂತ. ಮಾರನೇ ದಿನ ಕರೆಂಟು ಹೋದಾಗ ನಾನು ತಂತಿ ಜೋಡಿಸಿ ಲಾರಿ ಫ್ಯಾನನ್ನು ಹಾಕಿದೆ. ಅವನು ಗಾಳಿಗೆ ಬೆನ್ನು ಕೊಟ್ಟು ಕೂತು, ಗೋಡೆಯ ಸುಣ್ಣಕ್ಕೆ ಮುಖವಿಟ್ಟು ಏದುಸಿರು ಬಿಟ್ಟ. ತೆಗೆದೆವು ಎಂದು ಹೇಳಿ ಉಳಿಸಿಕೊಳ್ಳುವ ಹಾಗೂ ಇರಲಿಲ್ಲ. ಮಿಲ್ಲಿನ ಕಿವಿ ಅದು, ಮಲಗಿದಲ್ಲಿಂದಲೇ ಚಕ್ರದ ಸದ್ದು ಕೇಳುತ್ತಿತ್ತು.

ಅಣ್ಣ ಕಾಲುವೆಗಿಳಿದು ಬೋಲ್ಟು ಬಿಚ್ಚುತ್ತಿದ್ದರೆ ನಾನು ದಂಡೆಯ ಮೇಲೆ ನಿಂತು ಕೂಗಾಡಿದೆ. "ಒಂದು ಸುಳ್ಳು! ಒಂದೇ ಒಂದು! ಏನೂ ತಗೊಳ್ಳಲ್ಲ ಅಂದಿದ್ರೆ ನಿನ್ನ ನಾಲಿಗೆ ಬಿದ್ದುಹೋಗ್ತಿತ್ತಾ?"

"ತಗೊಂತೈತಲ್ಲ" ಅಂದ. ಅಷ್ಟೇ ಅಂದ. ಕೈಯಲ್ಲಿದ್ದ ಸ್ಪಾನರನ್ನು ಕಿತ್ತುಕೊಂಡು ಅವನ ತಲೆಗೇ ಬಡಿಯಬೇಕು ಅನ್ನಿಸಿತು.

ಡೈನಮೋವನ್ನು ನನ್ನ ಹೊಲಿಗೆ ಮೆಷಿನ್ನಿನ ಪೆಡಲಿಗೆ ಸಿಕ್ಕಿಸಿದರೆ ಹೇಗೆ ಎಂದು ಅಣ್ಣ ಆಮೇಲೊಂದು ದಿನ ಅಳತೆ ತೆಗೆಯುತ್ತಿದ್ದ. ಅಪ್ಪ ಮಂಚದಿಂದಲೇ, "ಇನ್ನು ಅವ್ಳ ಕಾಲಿನ ಸತ್ವ ತೆಗೀತೀಯಾ?" ಎಂದು ಕೇಳಿದ. ಅಣ್ಣ ಟೇಪು ಮಡಚಿಟ್ಟ.

ಉಳಿದದ್ದು ಬೀಸಣಿಗೆ. ಅದನ್ನು ಮಾತ್ರ ಅಪ್ಪ ಬೇಡವೆನ್ನುತ್ತಿರಲಿಲ್ಲ, ಆದರೆ ಅದಕ್ಕೂ ಒಂದು ಉಪಾಯ ಕಂಡುಕೊಂಡಿದ್ದ. ನಾನು ಬೀಸತೊಡಗಿ ಕೈ ಬದಲಾಯಿಸಿದೆನೋ, "ನಿದ್ದೆ ಬಂತು, ಸಾಕು ಬಿಡವ್ವ" ಎಂದು ಕಣ್ಣು ಮುಚ್ಚುತ್ತಿದ್ದ. ನಾನು ಹೊರಗೆ ಹೋದಂತೆ ಮಾಡಿ ಬಾಗಿಲ ಸಂದಿಯಿಂದ ನೋಡಿದರೆ, ಕೂತುಕೊಂಡು, ಸದ್ದು ಕೇಳಬಾರದೆಂದು ಟವೆಲ್ಲು ಬಾಯಿಗೆ ಹತ್ತಿರ ಹಿಡಿದು, ಉಸಿರಿಗಾಗಿ ಬಡಿದಾಡುತ್ತಿದ್ದ. ಎಂಥ ಮನುಷ್ಯ! ಮಗ ಸುಳ್ಳು ಹೇಳಲಾರ, ಅಪ್ಪ ಹೇಳಿದರೆ ಇಂಥದ್ದು ಹೇಳುತ್ತಿದ್ದ.

ಅವತ್ತೂ ಮಧ್ಯಾಹ್ನ. ಮಾಳಿಗೆಯ ಕಾವು ಕೆಳಗಿಳಿಯುತ್ತಿತ್ತು. ಹಿತ್ತಲ ಕಾಲುವೆಯಲ್ಲಿ ನೀರು ತುಂಬಿ, ತನ್ನ ಪಾಡಿಗೆ ನಿಧಾನವಾಗಿ ಹೋಗುತ್ತಿತ್ತು. ಅಪ್ಪ, "ನಿದ್ದೆ ಬಂತು, ಸಾಕು ಬಿಡವ್ವ" ಅಂದ. ನನಗೆ ಅವನ ಆಟ ಗೊತ್ತಿತ್ತಲ್ಲ, ಅವನು ಬ್ಯಾಡ ಅಂದರೂ ನಾನು ಬಿಡಲಿಲ್ಲ. ಬೀಸುತ್ತಲೇ ಇದ್ದೆ. ಅವನ ಹಣೆಯ ಕೂದಲು ಅಲ್ಲಾಡುತ್ತಿತ್ತು. ಸಿಳ್ಳೆ ಸಣ್ಣದಾಯಿತು, ಇವತ್ತು ನಿಜವಾಗಿಯೂ ನಿದ್ದೆ ಬಂತಲ್ಲ ಎಂದು ಸಮಾಧಾನವಾಯಿತು. ಗಾಳಿ ಹೋಗುತ್ತಿತ್ತು, ತೆಗೆದುಕೊಳ್ಳುವವನು ಇರಲಿಲ್ಲ ಎಂದು ನನಗೆ ತಿಳಿದದ್ದು ಸ್ವಲ್ಪ ಹೊತ್ತಿನ ಮೇಲೆ. ಕರೆಂಟು ಸಂಜೆ ಬಂತು.

ಹರಿಹರದ ವರ್ಕ್‌ಶಾಪಿಗೆ ಯಾರೋ ಫೋನು ಮಾಡಿದರು. ಅಣ್ಣ ಬಂದು ಅಪ್ಪನ ಕಾಲ ಬಳಿ ಕೂತ. ನಾನು ಅವನ ಜೊತೆ ಮಾತಾಡಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಮಾತಾಡಲಿಲ್ಲ. ತಟ್ಟೆಗೆ ಬಡಿಸಿ ಇಡುತ್ತಿದ್ದೆ, ಅವನು ತಿಂದು ತೊಳೆದಿಡುತ್ತಿದ್ದ. ಚಕ್ರ ಹಿತ್ತಲ ಗೋಡೆಗೆ ಒರಗಿಕೊಂಡು ಬಿಸಿಲಿಗೆ ಸೀಳುಬಿಡುತ್ತಿತ್ತು.

ಭತ್ತ ಕೊಯ್ಲಾದ ಮೇಲೆ ಮಾವ ಬಂದ. ತಲೆಯ ಮೇಲೆ ಹೊಸ ಅಕ್ಕಿಯ ಚೀಲ, ಟವೆಲ್ಲಿನ ಗಂಟಿನಲ್ಲಿ ತೋರಿಸಲೆಂದು ಒಂದು ಹಿಡಿ ಭತ್ತ. ಅಂಗಳದಲ್ಲಿ ಚೀಲ ಇಳಿಸಿ, ಭತ್ತವನ್ನು ಅಣ್ಣನ ಅಂಗೈಗೆ ಸುರಿದ. ಅವನ ಕಣ್ಣು ತುಂಬಿತ್ತು.

"ನೋಡಪ್ಪ, ಕಾಳು ಹೆಂಗೆ ತುಂಬ್ಯಾವೆ. ಇಷ್ಟು ಗಟ್ಟಿ ಕಾಳು ನಾನು ಕಂಡಿಲ್ಲ. ನಿಮ್ಮಪ್ಪ ತನ್ನ ಉಸ್ರು ಬಿಟ್ಟು ನೀರಿನ ಸತ್ವ ಉಳಿಸ್ದ. ದೇವ್ರಂಥ ಮನುಷ್ಯ." ಆಮೇಲೆ ಅವನ ದನಿ ಕುಗ್ಗಿತು. ಎಷ್ಟೋ ದಿನದಿಂದ ಅದೊಂದೇ ಅವನನ್ನು ತಿನ್ನುತ್ತಿತ್ತೆಂದು ಕಾಣುತ್ತದೆ. "ಆ ಚಕ್ರ ಇದ್ದಿದ್ರೆ ಜೊಳ್ಳಾಗ್ತಿತ್ತು, ಅಲ್ಲೇನಪ್ಪ? ನೀನು ಬಲ್ಲವ, ಹೇಳು. ಜೊಳ್ಳಾಗ್ತಿತ್ತಲ್ಲ?"

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳು ಈಗ, ಸತ್ಯವಂತ, ಹೇಳು ಎಂದು ಹಲ್ಲು ಕಚ್ಚಿದೆ. ಏನೂ ಆಗುತ್ತಿರಲಿಲ್ಲ, ಅಪ್ಪ ಸುಮ್ಮನೆ ಸತ್ತ ಎಂದು ಆ ಮುದುಕನ ಮುಖಕ್ಕೆ ಹೇಳು.

ಅಣ್ಣ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದ. ಟಕ್ ಎಂದು ಸದ್ದಾಯಿತು.

"ಹೌದು ಮಾವ" ಅಂದ. "ಜೊಳ್ಳಾಗ್ತಿತ್ತು."

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೋದ. ಅಣ್ಣ ಅಂಗೈಯ ಭತ್ತ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ. ಇಂಥದ್ದೇ ಒಂದು ಸುಳ್ಳು, ಇದೇ ಬಾಯಿಗೆ, ಆ ಸಂಜೆ ಅಪ್ಪನೆದುರು ಬಂದಿದ್ದರೆ ಎಂದು ಕೇಳಬೇಕೆಂದು ನಾನು ಹೊರಗೆ ಬಂದೆ. ಅವನ ಮುಖ ನೋಡಿ ಕೇಳಲಾಗಲಿಲ್ಲ. ಚೀಲ ಎತ್ತಿಕೊಂಡು ಒಳಗೆ ಹೋಗಿ, "ಅಕ್ಕಿ ಹೊಸದು, ಅನ್ನ ಮುದ್ದೆಯಾಗ್ತೈತೆ, ಆಮೇಲೆ ನನಗೆ ಬೈಬ್ಯಾಡ" ಅಂದೆ. ಅಪ್ಪ ಹೋದ ಮೇಲೆ ಅವನಿಗೆ ನಾನು ಆಡಿದ ಮೊದಲ ಮಾತು ಅದು.